ಬಚ್ಚಲಿಗೆ ಬಂದ ಕಪ್ಪು ಮರ

ಬಚ್ಚಲುಮನೆ ಒಡೆಸಿ ಹೊಸದು ಮಾಡಿಸಿದ್ದು ಅತ್ತೆಯ ಸಲುವಾಗಿ. ಒಲೆ, ಹಂಡೆ, ಪಾಚಿ ಕಟ್ಟಿದ ಚಪ್ಪಡಿಯ ಹಳೇ ಬಚ್ಚಲಲ್ಲಿ ಅವರು ಜಾರಿ ಬಿದ್ದಿದ್ದರು. ಸೊಂಟ ಉಳಿದು ಮಣಿಕಟ್ಟು ಮಾತ್ರ ಬಿರುಕು ಬಿಟ್ಟಿತು. ಅಷ್ಟಕ್ಕೇ ಬಿಟ್ಟಳಲ್ಲ ತಾಯಿ ಎಂದು ನಿಮಿಷಾಂಬೆಗೆ ದೀಪ ಹಚ್ಚಿದೆ.

ಕೆ.ಆರ್. ಪೇಟೆಗೆ ಕೊಟ್ಟಿರುವ ಮಗಳು ಫೋನಿಗೆ ಚಿತ್ರಗಳನ್ನು ಕಳಿಸಿದಳು. ಬೂದು ಬಣ್ಣದ ಜಾರದ ಟೈಲ್ಸು, ಬಿಳಿ ಕಮೋಡು, ಪಕ್ಕದಲ್ಲಿ ಬೇಸಿನ್ನು, ಅದರ ಕೆಳಗೆ ಕಾಫಿ ಡಿಕಾಕ್ಷನ್ನಿನಂಥ ಕಪ್ಪು ಮರದ ಕಪಾಟು.

"ಕಪ್ಪು ಮರಾನೇ ಆಕ್ಸವ್ವ, ಕೊಳೆ ಕಾಣಕಿಲ್ಲ" ಅಂದಳು.

ಕೊಳೆ ಕಾಣದೆ ಇರುವುದು ಒಳ್ಳೆಯದು ಹೇಗಾದೀತು? ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ.

ಗಂಜಾಂನ ಬಡಗಿ ಆಟೋದಲ್ಲಿ ಹಳೇ ಹಲಗೆಗಳನ್ನು ತಂದು ಇಳಿಸಿದ. "ತೇಗ ಕಣಕ್ಕ. ನಾಗಮಂಗಲದ ಕಡೆ ಒಂದು ಹಳೇ ಮನೆ ಬಿಚ್ಚುದ್ರು. ನೀರು ಬಿದ್ರೂ ಜಪ್ಪಯ್ಯ ಅನ್ನಕಿಲ್ಲ."

"ಯಾರ ಮನೇದು?"

"ಯಾರ್ದೋ" ಅಂದವನು ನನ್ನ ಮುಖ ನೋಡದೆ ಟೇಪನ್ನು ಎಳೆದು ಎಳೆದು ಬಿಟ್ಟ.

ನಾನು ಹೇಳಿದ ಪ್ರತಿಯೊಂದಕ್ಕೂ "ಯಾಕಕ್ಕ?" ಅಂತ ಕೇಳಿಕೊಂಡೇ ಕೆಲಸ ಚೆನ್ನಾಗಿ ಮಾಡಿದ. ಬೇಸಿನ್ನಿನ ಕೆಳಗೆ ಮೂರು ಬಾಗಿಲ ಕಪಾಟು, ಗೋಡೆಯ ಮೇಲೆ ಒಂದು ಬಾಗಿಲದ್ದು. ಅತ್ತೆ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಕೂತು ಮೀಯಲು ಕಟ್ಟೆ. ಅವರು ಕಟ್ಟೆಯ ಮೇಲೆ ಕೂತು, "ರಾಜಮಾತೆ ಆಗ್ಬುಟ್ಟೆ ಕಣಮ್ಮಿ" ಎಂದು ನಕ್ಕರು.

ಹದಿನೈದು ದಿನ ಕಳೆದಿರಬೇಕು. ಕಪಾಟು ಒರೆಸುತ್ತಿದ್ದಾಗ, ಕಮೋಡಿನ ಪಕ್ಕದ ಬಾಗಿಲ ಒಳಮೈಯಲ್ಲಿ ಬೆರಳಿಗೆ ಏನೋ ತಟ್ಟಿತು. ಸಾಲಾಗಿ ತೂತುಗಳು, ಗೇಣಿಗೊಂದರಂತೆ. ಮರದ ಪುಡಿ ಮತ್ತು ಗೋಂದು ತುಂಬಿ ಮುಚ್ಚಿದ್ದರು. ಗರ್ಭಗುಡಿಯ ಬಾಗಿಲಿಗೆ ಗಂಟೆ ಕಟ್ಟುವುದು ಹೀಗೇ ಅಲ್ಲವೇ? ಕಪಾಟಿನೊಳಗೆ ತಲೆ ತೂರಿಸಿ ಮೂಸಿದೆ. ಸಿಹಿ ವಾಸನೆ, ಸಂಜೆವರೆಗೂ ಪಾತ್ರೆಯಲ್ಲಿ ಉಳಿದ ಪಂಚಾಮೃತದ್ದು. ಕೆಳಗೆ ಕೆಂಪಿರುವೆಗಳ ಸಾಲು ಸೋಪನ್ನು ದಾಟಿ ನೇರ ಮರಕ್ಕೇ ಹತ್ತುತ್ತಿತ್ತು.

ಊರೂರಲ್ಲೂ ಗುಡಿಗಳ ಜೀರ್ಣೋದ್ಧಾರ ನಡೆಯುತ್ತಿದೆ, ಮರದ ಬಾಗಿಲು ತೆಗೆದು ಹಿತ್ತಾಳೆಯದು ಹಾಕುತ್ತಿದ್ದಾರೆ. ತೆಗೆದದ್ದು ಎಲ್ಲಿಗೆ ಹೋಗುತ್ತದೆ? ದೇವರ ಮರವನ್ನು ಹೊಳೆಗೆ ಬಿಡಬೇಕು. ಮನೆಗೇ ತರಬಾರದು, ಇನ್ನು ಕಮೋಡಿನ ಪಕ್ಕಕ್ಕೆ? ಹೊರಗೆ ಬಂದು ಬಚ್ಚಲಿಗೆ ಬೀಗ ಹಾಕಿದೆ.

ಯಜಮಾನರು ಬೀಗ ಕಂಡು ನಕ್ಕರು. "ನಿಂಗೆ ಎಲ್ಲೆಲ್ಲೂ ದೇವ್ರೇ ಕಾಣ್ತದೆ. ಬಚ್ಲೂ ಬುಡಲ್ಲ."

"ಬಚ್ಚಲಲ್ಲಿ ಕಂಡಿದ್ದಕ್ಕೇ ನಂಗೆ ಎದ್ರಿಕೆ."

"ಅಂಗಾರೆ ಅವ್ವ ಎಲ್ಲಿ ಮೀಯ್ಬೇಕು?"

ಹಿತ್ತಲ ನಲ್ಲಿಯ ಬಳಿ ಸೀರೆ ಅಡ್ಡ ಕಟ್ಟಿ, ಅವರ ಕಟ್ಟು ಹಾಕಿದ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಕಲ್ಲಿನ ಮೇಲೆ ಕೂರಿಸಿ ನೀರು ಹಾಕಿದೆ. ನಾಲ್ಕು ದಿನ ಹೀಗೇ ಸಾಗಿತು. ಐದನೆಯ ದಿನ ಏಳುವಾಗ ಅವರ ಹಿಮ್ಮಡಿ ಸೋಪಿನ ನೀರಲ್ಲಿ ಜಾರಿತು. ಪೂರಾ ಭಾರ ನನ್ನ ಮೇಲೆ ಬಂತು. ಇಬ್ಬರೂ ಗೋಡೆಗೆ ಒರಗಿ ನಿಂತೆವು. ಬೀಳಲಿಲ್ಲ. ತಾಯಿಯದು ಇನ್ನೊಂದು ಉಪಕಾರ.

"ಓಗಿ ನಿನ್ ದೇವ್ರನ್ನೇ ಕೇಳ್ಕಂಡು ಬಾ ಓಗು. ನಂಗೆ ಚಳಿ ಆಯ್ತಾ ಐತೆ" ಅಂದರು ಅತ್ತೆ.

ಅವತ್ತೇ ನಿಮಿಷಾಂಬೆಯ ದರ್ಶನ ಮಾಡಿ, ಕುಂಕುಮದ ಪೊಟ್ಟಣ ಹಿಡಿದು ನೇರ ಬಡಗಿಯ ಶೆಡ್ಡಿಗೆ ಹೋದೆ. ಪೊಟ್ಟಣ ಬಿಚ್ಚಿ ಅವನ ಮುಂದೆ ಹಿಡಿದೆ. "ಇದನ್ನ ಮುಟ್ಟಿ ನಿಜ ಏಳು. ಅದು ಮನೆ ಮರಾನಾ, ಗುಡಿ ಮರಾನಾ?"

ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಕುಂಕುಮ ಒಳಗಿಡಕ್ಕ. ಮನೇದೂ ಅಲ್ಲ, ಗುಡೀದೂ ಅಲ್ಲ" ಎಂದು ಮೂಲೆಯಲ್ಲಿದ್ದ ಹಲಗೆಯ ತುಂಡನ್ನು ಎಳೆದ. "ಪಾಂಡವಪುರದ ಆಚೆ ಒಂದು ಆಲೆಮನೇದು. ಬೆಲ್ಲದ ಪಾಕ ಸುರುದು ಆರುಸ್ತಾರಲ್ಲ, ಆ ಮರದ ದೋಣಿ. ಈಗ ಸ್ಟೀಲಿಂದು ಆಕವ್ರೆ."

"ಆ ತೂತು?"

"ದೋಣಿ ಬಿರಿದಾಗ ಕಬ್ಬಿಣದ ಪಟ್ಟಿ ಒಡ್ದಿದ್ರು. ನಂಬಿಕೆ ಇಲ್ದಿದ್ರೆ ನಾಲ್ಗೆಗೆ ಇಟ್ ನೋಡು."

ದೇವರ ಮರವಾಗಿದ್ದರೆ? ನಾಲಿಗೆ ಚಾಚಿದರೆ ಪಾಪವೋ ಪುಣ್ಯವೋ ತಿಳಿಯಲಿಲ್ಲ. ಉಗುರಿನಿಂದ ಸಂದಿಯನ್ನು ಕೆರೆದು ತುದಿ ನಾಲಿಗೆಗೆ ಮುಟ್ಟಿಸಿದೆ. ಹೊಗೆ ಹಿಡಿದ ಬೆಲ್ಲ. ಅನುಮಾನವೇ ಇಲ್ಲ.

"ಮೊದ್ಲೇ ಏಳಕ್ಕೆ ಏನಾಗಿತ್ತು ನಿಂಗೆ?"

"ಆಲೆಮನೆ ಮರ ಅಂದ್ರೆ ಇರುವೆ ಬತ್ತವೆ ಅಂತ ಯಾರೂ ತಕ್ಕಳಕಿಲ್ಲ ಕಣಕ್ಕ."

"ಬಂದ್ವಲ್ಲೋ!"

"ಅದ್ಕೇ ಏಳ್ಲಿಲ್ಲ" ಅಂದ.

ಬಯ್ಯಬೇಕೆಂದು ಹೋದವಳು ನಕ್ಕುಬಿಟ್ಟೆ. ಸಂಜೆಯೇ ಬೀಗ ತೆಗೆದೆ. ಮಾರನೆಯ ದಿನ ಅವನೇ ಬಂದು ನಾಲ್ಕೂ ಬಾಗಿಲು ಬಿಚ್ಚಿ, ಕುದಿನೀರಲ್ಲಿ ಉಜ್ಜಿ, ಅಂಗಳದ ಬಿಸಿಲಿಗೆ ಒರಗಿಸಿ ಹೋದ. ಒಣಗಿದ ಮೇಲೆ ಹೊಸದಾಗಿ ಪಾಲಿಶ್ ಹಾಕುತ್ತೇನೆ ಅಂದಿದ್ದ.

ಆದರೆ ಮಧ್ಯಾಹ್ನ ರಾಗಿ ಹರವಲು ಅಂಗಳಕ್ಕೆ ಹೋದಾಗ ನೋಡಿದೆ. ತೊಳೆದರೂ ಉಳಿದ ಮೂರು ಬಾಗಿಲಿಗೆ ಒಂದೆರಡು ಇರುವೆ ಸುತ್ತಿ ಬರುತ್ತಿದ್ದವು. ತೂತಿನ ಬಾಗಿಲ ಬಳಿ ಒಂದೂ ಸುಳಿಯಲಿಲ್ಲ. ಬಗ್ಗಿ ಮೂಸಿದೆ. ಬೆಲ್ಲದ ವಾಸನೆ ಅದಕ್ಕಿರಲಿಲ್ಲ, ಯಾವ ವಾಸನೆಯೂ ಇರಲಿಲ್ಲ.

ಎರಡು ದಿನ ಬಿಟ್ಟು ಅವನು ಪಾಲಿಶ್ ಹಾಕಿ ಬಾಗಿಲು ಕೂರಿಸಲು ಬಂದಾಗ, ನಾಲ್ಕೂ ಒಂದೇ ದೋಣಿಯದಾ ಎಂಬ ಪ್ರಶ್ನೆ ನಾಲಿಗೆಯ ಮೇಲೇ ಇತ್ತು. ಅವನು ಅಲ್ಲ ಅಂದರೆ ಬೀಗ ಮತ್ತೆ ಬೀಳುತ್ತದೆ, ಅತ್ತೆ ಮತ್ತೆ ಆ ಜಾರುವ ಕಲ್ಲಿಗೆ ಹೋಗುತ್ತಾರೆ. ಕೇಳಲಿಲ್ಲ.

"ಅಳತೆ ಎಲ್ಲಾ ಒಂದೇ ಅಲ್ವಾ? ಈ ತೂತಿಂದು ಮೇಲಿನ ಕಪಾಟಿಗೆ ಆಕ್ಬುಡು" ಅಂದೆ ಅಷ್ಟೇ. ಅಲ್ಲಿ ಅರಿಶಿನದ ಡಬ್ಬಿ, ಹರಳೆಣ್ಣೆ ಬಿಟ್ಟು ಬೇರೇನೂ ಇಡುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದೆ.

"ಆಯ್ತು ಬುಡಕ್ಕ" ಎಂದವನು ಮರುಮಾತಿಲ್ಲದೆ ಅದನ್ನು ಮೇಲೆ ಕೂರಿಸಿದ. ಯಾಕೆ ಎಂದು ಕೇಳಲಿಲ್ಲ. ಕೇಳಬೇಕಿತ್ತು. ಆ ಮನುಷ್ಯ ಪ್ರತಿಯೊಂದಕ್ಕೂ ಯಾಕೆ ಅಂತ ಕೇಳುವವನು.

ಅವನು ಹೋದ ಮೇಲೆ ಮೀಯಲು ಕೂತ ಅತ್ತೆ ಬಚ್ಚಲ ಒಳಗಿನಿಂದ ಕೂಗಿದರು. "ಅಮ್ಮೀ, ನೀರು ಸುಡ್ತಾ ಐತೆ. ತಣ್ಣೀರು ಬೆರ್ಸು ಬಾ." ಸೆರಗು ಸಿಕ್ಕಿಸಿಕೊಂಡು ಹೋದೆ.