ಬೆಕ್ಕಿನ ಮೇಲೆ ಹೊರಿಸಿದ ಉಬ್ಬಸ

ಓಣಿಯವರು ಆ ಬಡಗಿಯನ್ನು ‘ಗರಗಸ’ ಎಂದು ಕರೆಯುತ್ತಿದ್ದುದು ಅವನ ಕಸುಬಿಗಲ್ಲ, ಉಸಿರಿನ ಸದ್ದಿಗೆ. ಹತ್ತು ವರ್ಷದ ಉಬ್ಬಸಕ್ಕೆ ಬೆಕ್ಕಿನ ಕೂದಲೇ ಕಾರಣವೆಂದು ತಾನೇ ತೀರ್ಮಾನಿಸಿ, ಹೆಂಡತಿ ಸಾಕಿದ್ದ ಬೆಕ್ಕನ್ನು ಅವಳ ತಂಗಿಯ ಮನೆಗೆ ಸಾಗಹಾಕಿದ್ದ. ಬೆಕ್ಕು ಹೋಯಿತು, ಉಬ್ಬಸ ಹೋಗಲಿಲ್ಲ.

ಹೊಸದಾಗಿ ಬಂದ ಡಾಕ್ಟರಮ್ಮ ಉಸಿರಿನ ಬಲ ಅಳೆಯುವ ಒಂದು ಕೊಳವೆ ಕೊಟ್ಟು, “ದಿನಾ ಬೆಳಿಗ್ಗೆ, ಸಂಜೆ ಊದಿ, ಬಂದ ಅಂಕಿ ಬರೆದಿಡಿ” ಎಂದರು. ಬಡಗಿಗೂ ಕಾಗದಕ್ಕೂ ಎಣ್ಣೆ ಸೀಗೆಕಾಯಿ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಅಂದಂದು ಕೊಯ್ದ ಮರದ ಚೂರಿನ ಮೇಲೆಯೇ ಗೀಚಿದ. ತಿಂಗಳಾದ ಮೇಲೆ ಅವನ್ನೆಲ್ಲ ಚೀಲದಲ್ಲಿ ಹೊತ್ತುಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಸುರಿದ.

ಅವರು ಬೈಯಲಿಲ್ಲ. ಕಡಿಮೆ ಅಂಕಿಯ ಚೂರುಗಳನ್ನು ಒಂದು ಕಡೆ ಸರಿಸಿದರು. ಅವೆಲ್ಲ ಕೆಂಪಗೆ, ಘಮ್ಮೆನ್ನುವ ದೇವದಾರು.

“ನಿಮಗೆ ಆಗದೇ ಇರೋದು ಈ ಮರದ ಪುಡಿ. ಇದನ್ನ ಬಿಟ್ಟುಬಿಡಿ. ಬೇರೆ ಮರ ಕೊಯ್ಯುವಾಗ ಮಾಸ್ಕ್ ಹಾಕ್ಕೊಳ್ಳಿ, ಇನ್‌ಹೇಲರ್ ಒಂದು ದಿನಾನೂ ತಪ್ಪಿಸಬೇಡಿ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ” ಎಂದಳು ಜೊತೆಗೆ ಬಂದಿದ್ದ ಹೆಂಡತಿ, ತಣ್ಣಗೆ.

ಎರಡು ತಿಂಗಳಲ್ಲಿ ಎದೆಯ ಗರಗಸ ಸುಮ್ಮನಾಯಿತು. ಬೆಕ್ಕನ್ನು ಕರೆತರಲು ಬಡಗಿ ತಾನೇ ನಾದಿನಿಯ ಮನೆಗೆ ಹೋದ. ಒಂದು ಗಂಟೆ ಅದರ ಪಕ್ಕದಲ್ಲೇ ಕೂತು, ಕೊಳವೆ ತೆಗೆದು ಊದಿದ. ಅಂಕಿ ಎಂದಿಗಿಂತ ಹೆಚ್ಚು ಬಂತು.

ಬೆಕ್ಕು ಮಾತ್ರ ಅವನ ಜೊತೆ ಬರಲಿಲ್ಲ.