ದೊಡ್ಡತ್ತಿಯ ಹುಲ್ಲಿನ ಹೊಲ

ಆಗ ನವಲಗುಂದದ ಕಡೆ ನಮ್ಮೂರಲ್ಲಿ ಕುಡಿಯಲು ಕೆರೆಯ ನೀರೊಂದೇ. ಬಾವಿ ತೋಡಿದರೆ ಬರೀ ಉಪ್ಪು. ಮುಖ ತೊಳೆದ ನೀರನ್ನೂ ಅವ್ವ ಮೆಣಸಿನ ಗಿಡಕ್ಕೆ ಹಾಕುತ್ತಿದ್ದಳು. ಎಂಬತ್ತರ ದಶಕದಲ್ಲಿ ಹೊಲಗಳಿಗೆ ಮಲಪ್ರಭೆಯ ಕಾಲುವೆ ಬಂದಾಗ ಅಪ್ಪನಿಗೆ ನೀರಿನ ಹುಚ್ಚೇ ಹಿಡಿಯಿತು. ಇವರಿಗೆ ಹಾಸಿಗೆಯನ್ನೂ ಕಾಲುವೆಯಲ್ಲೇ ಹಾಸಬೇಕು ಎಂದು ಅವ್ವ ನಗುತ್ತಿದ್ದಳು.

ಕಾಲುವೆ ಹಾದದ್ದು ದೊಡ್ಡತ್ತಿಯ ಹುಲ್ಲಿನ ಹೊಲದ ಪಕ್ಕಕ್ಕೆ. ದೊಡ್ಡತ್ತಿ ಅಪ್ಪನ ಅಕ್ಕ; ಗಂಡ ಸತ್ತ ಮೇಲೆ ಕುರಿ ಹೊಡೆದುಕೊಂಡು ತವರಿಗೆ ಬಂದವಳು. ಅಜ್ಜ ಆ ಹೊಲವನ್ನು ಉಳದೆ ಅವಳ ಕುರಿಗಳಿಗೆಂದೇ ಬಿಟ್ಟಿದ್ದ. ಸಂಜೆ ಅಲ್ಲಿ ಒಣಹುಲ್ಲು, ಉಣ್ಣೆ, ಹಿಕ್ಕೆಯ ವಾಸನೆ. ನಾನು ಅವಳ ಬುತ್ತಿಯ ರೊಟ್ಟಿ, ಹಸಿ ಉಳ್ಳಾಗಡ್ಡಿ ತಿನ್ನುತ್ತ ಜೋಳದ ದಂಟಿನ ಬಂಡಿ ಕಟ್ಟುತ್ತಿದ್ದೆ.

ಅಪ್ಪ ಆ ಹೊಲವನ್ನು ಉಳುತ್ತೇನೆಂದ. ಒಂದು ಪಟ್ಟಿಯನ್ನಾದರೂ ಬಿಡು ಎಂದು ಅವಳು ಕೇಳಿದಳು. ಬಿಡಲಿಲ್ಲ. ಕುರಿಗಳು ರಸ್ತೆಯ ಬದಿಯ ಮೇವಿಗೆ ಬಿದ್ದವು. ಮೊದಲ ವರ್ಷ ಗೋವಿನಜೋಳ ಆಳು ಮುಚ್ಚುವಷ್ಟು ಬೆಳೆಯಿತು. ನಾವೆಲ್ಲ ಹಿಗ್ಗಿದೆವು, ತೆನೆ ಮುರಿಯಲು ದೊಡ್ಡತ್ತಿಯೂ ಬಂದಳು.

ಬೆಳೆಗೆ ಸಾಕಾದ ಮೇಲೂ ಅಪ್ಪ ತೂಬು ಮುಚ್ಚುತ್ತಿರಲಿಲ್ಲ. ಹುಟ್ಟಿದಾಗಿನಿಂದ ನೀರಿಗೆ ಬಾಯಿ ಬಿಟ್ಟವನಿಗೆ ಅದನ್ನು ಮುಚ್ಚಲು ಕೈಯೇ ಬರುತ್ತಿರಲಿಲ್ಲ. ಎರೆಮಣ್ಣು ಕುಡಿದು ಕುಡಿದು ಉಬ್ಬಿ, ಒಡ್ಡಿನೊಳಗೆ ನೀರು ನಿಂತೇ ಇರುತ್ತಿತ್ತು.

“ತಮ್ಮಾ, ಸಾಕ್ ಮಾಡೋ. ಭೂಮಿ ಉಸಿರಾಡವಲ್ದು,” ಎಂದಳು ದೊಡ್ಡತ್ತಿ.

“ಬಂದ ನೀರಿಗೆ ಹೊಳ್ಳಿ ಹೋಗಂತ ಹೆಂಗ ಅನ್ಲಿ ಅಕ್ಕಾ?”

ಕೆಲವು ವರ್ಷ ಕಳೆದು ಒಂದು ಬೇಸಿಗೆಯ ಮುಂಜಾನೆ ಹೊಲವೆಲ್ಲ ಬೆಳ್ಳಗಾಗಿತ್ತು. ನನಗೆ ಚೆಂದ ಕಂಡಿತು. ದೊಡ್ಡತ್ತಿ ಚಿಟಿಕೆ ಮಣ್ಣು ನಾಲಿಗೆಗಿಟ್ಟು ಉಗುಳಿದಳು. ಕೆಳಗಿದ್ದ ಉಪ್ಪು ನೀರಿನ ಜೊತೆ ಮೇಲೆ ಬಂದಿತ್ತು. ಮುಂದೆ ಅಲ್ಲಿ ಜೋಳ ಹುಟ್ಟಲಿಲ್ಲ, ಕರಿಕಿ ಹುಲ್ಲೂ ಚಿಗುರಲಿಲ್ಲ.

ಸೋತ ಅಪ್ಪ, ಹೊಲ ನಿನಗೇ ಬಿಟ್ಟೆ, ಕುರಿ ಹೊಡೆದುಕೊಂಡು ಬಾ ಎಂದ. ಅವಳು ತಂದಳು. ಕುರಿಗಳು ತಲೆ ತಗ್ಗಿಸಿ ಹಿಂದಿನಂತೆಯೇ ಹರಡಿಕೊಂಡವು. ಮೇಯುತ್ತಿವೆಯೆಂದು ಖುಷಿಯಿಂದ ಹತ್ತಿರ ಹೋದೆ. ಎಲ್ಲವೂ ಬೋಳು ಮಣ್ಣನ್ನು ನೆಕ್ಕುತ್ತಿದ್ದವು. ಆ ನಾಲಿಗೆಗಳ ಸಪ್ಪಳ ಬಿಟ್ಟರೆ ಹೊಲದಲ್ಲಿ ಬೇರೆ ಸದ್ದಿರಲಿಲ್ಲ. ನಾನು ಅಂಜಿ ದೊಡ್ಡತ್ತಿಯ ಸೆರಗು ಹಿಡಿದೆ.

“ನಡಿ ಮಗಳ, ಮನಿಗೆ ಹೋಗೂಣು. ಇವಕ್ಕ ಇಲ್ಲೇನೂ ಉಳದಿಲ್ಲ,” ಎಂದಳು.

ಅಪ್ಪ, ದೊಡ್ಡತ್ತಿ ಇಬ್ಬರೂ ಈಗಿಲ್ಲ. ಹೊಲದ ತುಂಬ ಜಾಲಿಕಂಟಿ. ಇಲ್ಲಿ ಮೊಣಕಾಲುದ್ದ ಹುಲ್ಲಿತ್ತೆಂದರೆ ನನ್ನ ಮಕ್ಕಳು ನಂಬುವುದಿಲ್ಲ. ಎಷ್ಟೋ ಬರಗಾಲ ದಾಟಿಸಿದ ಕುರಿಗಳನ್ನು ದೊಡ್ಡತ್ತಿ ಕೊನೆಗೆ ನೀರು ಬಂದ ಕಾಲದಲ್ಲಿ ಮೇವಿಲ್ಲದೆ ಮಾರಿದಳು. ಕಣ್ಣಾರೆ ಕಂಡ ನಾನೇ ಅದನ್ನು ಇನ್ನೂ ನಂಬಲಾರೆ.