ಬಹುಮಾನದ ಕುಂಬಳಕಾಯಿ

ಐವತ್ತರ ದಶಕದಲ್ಲಿ ಸರಗೂರಿನ ಬೆಳೆ ಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರನಾಗಿ ಕಳಿಸಿದ್ದರು. ಇದ್ದದ್ದು ಒಂದೇ ಬಹುಮಾನ, ಹಿತ್ತಾಳೆ ಚೊಂಬು. ಕೊನೆಗೆ ಪೈಪೋಟಿಗೆ ಉಳಿದದ್ದು ಒಂದು ಕಟ್ಟು ರಾಗಿ ತೆನೆ ಮತ್ತು ಒಂದು ಸಿಹಿಗುಂಬಳ. ರಾಗಿ ಹುಲ್ಲಿನ ಜಾತಿ, ಕುಂಬಳ ಬಳ್ಳಿ. ಎರಡೂ ಹೂ ಬಿಡುತ್ತವೆ ಅನ್ನುವುದು ಬಿಟ್ಟರೆ ಅವುಗಳ ನಡುವೆ ಯಾವ ನೆಂಟಸ್ತನವೂ ನನಗೆ ಕಾಣಲಿಲ್ಲ. ಕುಂಬಳಕಾಯಿ ದೊಡ್ಡದಿತ್ತು, ಅದಕ್ಕೇ ಕೊಟ್ಟೆ.

ರಾಗಿ ಬೆಳೆದವನು ಸಿದ್ದೇಗೌಡ. ತಿಪ್ಪೆ ಪಕ್ಕ ಕುಂಬಳ ಬೆಳೆದವಳು ಅವನ ಹೆಂಡತಿ ಕೆಂಪಮ್ಮ. ನನಗೆ ಮಧ್ಯಾಹ್ನದ ಊಟ ಗೊತ್ತುಮಾಡಿದ್ದೂ ಅವರ ಮನೆಯಲ್ಲೇ.

ಹೋದಾಗ ಒಲೆ ಹೊತ್ತಿರಲಿಲ್ಲ. ಮುದ್ದೆಗೆ ಸಾರು ಆ ಬಹುಮಾನದ ಕುಂಬಳದ್ದೇ ಆಗಬೇಕಿತ್ತು. ಆ ಕಡೆ ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯುವುದಿಲ್ಲ, ಗಂಡಸೇ ಒಡೆದು ಕೊಡಬೇಕು. ಗೌಡ ಜಗಲಿ ಬಿಟ್ಟು ಏಳಲಿಲ್ಲ.

“ಬಹುಮಾನ ಬಂದಿರೋ ಕಾಯಿಗೆ ನನ್ನ ಮಚ್ಚು ಯಾಕೆ ಸ್ವಾಮಿ?” ಅಂದ.

“ಅಂಗಾರೆ ನಾನೂ ಮುದ್ದೆ ತಿರುವಾಕಿಲ್ಲ. ಸೋತಿರೋ ರಾಗಿ ಮಡಕೇಲೇ ಇರ್ಲಿ ಬುಡು,” ಅಂದಳು ಬಾಗಿಲಲ್ಲಿ ನಿಂತ ಕೆಂಪಮ್ಮ. ಆಮೇಲೆ ನನ್ನತ್ತ ತಿರುಗಿದಳು. “ನೀವೂ ಗಂಡಸರೇ ಅಲ್ವಾ ಸ್ವಾಮಿ? ನೀವೇ ಒಡೀರಿ.”

ಒಡೆದೆ. ಒಳಗೆಲ್ಲ ಕೊಳೆತು ಹುಳ ಬಿದ್ದಿತ್ತು.

ಸಿದ್ದೇಗೌಡನೇ ಎದ್ದು ಒಲೆಗೆ ಸೌದೆ ಒಟ್ಟಿದ.

“ಮುದ್ದೆ ತಿರುವಮ್ಮಿ. ಪಾಪ, ಸ್ವಾಮ್ಯೋರು ಅಸ್ಕೊಂಡವ್ರೆ,” ಅಂದ.

ಸೋತ ಬೆಳೆಯನ್ನು ಉಪ್ಪು ಮೆಣಸಿನಕಾಯಿ ನೆಂಚಿಕೊಂಡು ಎರಡು ಸಲ ಹಾಕಿಸಿಕೊಂಡೆ. ಕೆಂಪಮ್ಮ ಬಹುಮಾನದ ಚೊಂಬಿನಲ್ಲೇ ನೀರು ಕೊಟ್ಟಳು. ಅಲ್ಲಿಂದಾಚೆಗೆ ಎಲ್ಲಿಗೆ ಹೋದರೂ ಊಟವಾದ ಮೇಲೆಯೇ ತೀರ್ಪು ಕೊಡುತ್ತಿದ್ದೆ.